ಯಾರ ಕಿಲೋ?

ಆ ಊರಿನ ಹೈಸ್ಕೂಲಿಗೆ ನಾನು ಸಮಾಜ ವಿಜ್ಞಾನದ ಟೀಚರಾಗಿ ಹೋದದ್ದು ಜೂನ್ ತಿಂಗಳ ಎರಡನೇ ಸೋಮವಾರ. ಬಸ್ಸಿಳಿದು ನೇರವಾಗಿ ಶಾಲೆಗೇ ಹೋಗಿ, ಟ್ರಂಕನ್ನು ಸ್ಟಾಫ್ ರೂಮಿನ ಮೂಲೆಯಲ್ಲಿಟ್ಟು, ಒಂಬತ್ತನೇ ತರಗತಿಗೆ ಅರ್ಥಶಾಸ್ತ್ರದ ಪಾಠ ಶುರುಮಾಡಿಬಿಟ್ಟೆ. ನನ್ನ ವಿಷಯದವರೆಲ್ಲ ಸಾಮಾನ್ಯವಾಗಿ ಇತಿಹಾಸದಿಂದ ಶುರುಮಾಡುತ್ತಾರೆ. ನನಗೆ ಮಾತ್ರ ಅರ್ಥಶಾಸ್ತ್ರದ ಹುಚ್ಚು. ರಾಜರೆಲ್ಲ ಸತ್ತುಹೋದರು, ಈರುಳ್ಳಿ ಬೆಲೆ ಇನ್ನೂ ಬದುಕಿದೆ, ಅದನ್ನು ಮೊದಲು ತಿಳಿದುಕೊಳ್ಳೋಣ ಎಂದು ಮಕ್ಕಳಿಗೆ ಹೇಳುವುದು ನನ್ನ ರೂಢಿ. ಹಿಂದಿನ ಎರಡು ಶಾಲೆಗಳಲ್ಲೂ ಆ ಮಾತಿಗೆ ಮಕ್ಕಳು ನಕ್ಕಿದ್ದರು. ಇಲ್ಲಿಯೂ ನಕ್ಕರು. ಸರಿ, ಮಕ್ಕಳು ಎಲ್ಲ ಕಡೆ ಒಂದೇ ಎಂದುಕೊಂಡು ಬೋರ್ಡಿನ ಮೇಲೆ ಎರಡು ಗೆರೆ ಎಳೆದೆ. ನಿಂತ ಗೆರೆ ಬೆಲೆ, ಮಲಗಿದ ಗೆರೆ ಕೊಳ್ಳುವ ಪ್ರಮಾಣ.

"ಅಕ್ಕಿ ಕಿಲೋಗೆ ನಲವತ್ತು ರೂಪಾಯಿ ಇದ್ದಾಗ ನಿಮ್ಮನೇಲಿ ತಿಂಗಳಿಗೆ ಹತ್ತು ಕಿಲೋ ತರ್ತಾರೆ ಅಂತ ಇಟ್ಕೊಳ್ಳಿ. ಅದೇ ಅಕ್ಕಿ ಅರವತ್ತು ರೂಪಾಯಿ ಆದ್ರೆ ಎಷ್ಟು ತರ್ತಾರೆ?"

ಎರಡನೇ ಬೆಂಚಿನಲ್ಲಿ ಎರಡು ಜಡೆ ಹಾಕಿಕೊಂಡ, ಹುಬ್ಬು ಗಂಟಿಕ್ಕಿಕೊಂಡ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಹೆಸರು ದಾಕ್ಷಾಯಿಣಿ ಎಂದು ಆಮೇಲೆ ಗೊತ್ತಾಯಿತು.

"ಯಾರ ಕಿಲೋ ಮೇಡಂ?" ಎಂದಳು.

"ಯಾರ ಕಿಲೋ ಅಂದ್ರೆ ಏನಮ್ಮ? ಕಿಲೋ ಅಂದ್ರೆ ಕಿಲೋ. ಸಾವಿರ ಗ್ರಾಂ."

ಮೂವತ್ತೊಂದು ಮಕ್ಕಳೂ ನನ್ನನ್ನು ಮರುಕದಿಂದ ನೋಡಿದರು. ಜ್ವರ ಬಂದವರು ಏನೋ ಬಡಬಡಿಸಿದಾಗ ಮನೆಯವರು ನೋಡುತ್ತಾರಲ್ಲ, ಹಾಗೆ. ದಾಕ್ಷಾಯಿಣಿ "ಸರಿ ಮೇಡಂ" ಎಂದು ಕೂತುಬಿಟ್ಟಳು. ಹುಡುಗಿ ತಲೆಹರಟೆ ಇರಬೇಕು ಎಂದುಕೊಂಡೆ.

ಅದೇ ಸಂಜೆ ಬಾಡಿಗೆ ಮನೆಗೆ ಸಾಮಾನು ತರಲು ಹೊರಟೆ. ಬಜಾರಿನ ಮಧ್ಯದಲ್ಲಿ ಪುಟ್ಟಸಿದ್ದಮ್ಮ ಎಂಬಾಕೆಯ ದಿನಸಿ ಅಂಗಡಿ. ಒಂದು ಕಿಲೋ ಅಕ್ಕಿ ಕೇಳಿದೆ. ಆಕೆ ತಕ್ಕಡಿಯ ಪಕ್ಕದಲ್ಲಿ ಕಟ್ಟಿದ್ದ ಹೂವಿನ ಚಿತ್ರದ ಬಟ್ಟೆಯ ಪರದೆಯನ್ನು ಎಳೆದಳು. ಪರದೆಯ ಈಚೆಗೆ ನಿಂತಿದ್ದ ಇಬ್ಬರು ಗಿರಾಕಿಗಳು ತಟ್ಟನೆ ಬೀದಿಯ ಕಡೆ ತಿರುಗಿ, ಅಲ್ಲೇನೋ ಮೆರವಣಿಗೆ ಹೋಗುತ್ತಿದೆಯೇನೋ ಎಂಬಂತೆ ನೋಡತೊಡಗಿದರು. ಪುಟ್ಟಸಿದ್ದಮ್ಮ ಒಂದು ತಟ್ಟೆಗೆ ಕಿಲೋದ ಕಲ್ಲು ಇಟ್ಟು, ಇನ್ನೊಂದಕ್ಕೆ ಎರಡು ಹಿಡಿ ಅಕ್ಕಿ ಹಾಕಿದಳು. ತಕ್ಕಡಿಯ ಮುಳ್ಳು ನಡುವಿಗೆ ಬಂದು ನಿಂತಿತು. ಅಷ್ಟೇ. ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟಳು.

"ಏನಮ್ಮ ಇದು? ಹೊಸಬಳು ಅಂತ ಹೀಗಾ?" ಎಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು.

"ನಿಮಗೆ ಇಷ್ಟೇ ಬರೋದು ಮೇಡಂ. ಮನೇಲಿ ಅಕ್ಕಿ ಇರಬೇಕಲ್ಲ?"

ಇತ್ತು. ಅಮ್ಮ ಟ್ರಂಕಿನಲ್ಲಿ ಐದು ಕಿಲೋ ಸಣ್ಣಕ್ಕಿ ತುಂಬಿಸಿ ಕಳಿಸಿದ್ದಳು. ಅದು ಪುಟ್ಟಸಿದ್ದಮ್ಮನಿಗೆ ಗೊತ್ತಾಗುವ ದಾರಿ ಇರಲಿಲ್ಲ. ನಾನು ಎರಡು ಹಿಡಿ ಅಕ್ಕಿಗೆ ನಲವತ್ತು ರೂಪಾಯಿ ಕೊಟ್ಟು ಬಂದೆ.

ಮುಂದಿನ ಒಂದು ತಿಂಗಳು ನಾನು ಬಜಾರಿನಲ್ಲೇ ಪಾಠ ಕಲಿತೆ. ಹೊಟ್ಟೆ ತುಂಬ ಊಟ ಮಾಡಿ ಹೋಗಿ ಕಾಲು ಕಿಲೋ ಕಡಲೆಕಾಯಿ ಕೊಂಡೆ: ಹದಿನೇಳು ಕಾಯಿ ಬಂದವು. ಮಾರನೆಯ ದಿನ ಬೆಳಿಗ್ಗೆಯಿಂದ ಉಪವಾಸ ಇದ್ದು ಅದೇ ಕಾಲು ಕಿಲೋ ಕಲ್ಲಿಗೆ ಕೊಂಡೆ: ಮಡಿಲು ತುಂಬಿತು. ಪಕ್ಕದ ಮನೆಯವರಿಗೆ ನೆಂಟರು ಬಂದ ದಿನ ಅವರ ತಕ್ಕಡಿಗೆ ಬೆಲ್ಲ ಉಂಡೆ ಉಂಡೆಯಾಗಿ ಬಂತು. ಅದಕ್ಕೇ ಆ ಊರಿನಲ್ಲಿ ಹಬ್ಬದ ಸಾಮಾನನ್ನು ಹಬ್ಬದ ದಿನ ಬೆಳಿಗ್ಗೆಯೇ ತರುತ್ತಾರೆ, ಒಂದು ದಿನ ಮುಂಚೆ ಹೋದವರು ಪೆದ್ದರು. ಕಣಜ ಇಟ್ಟುಕೊಂಡ ಮನೆ ಊರಿನಲ್ಲಿ ಒಂದೂ ಇರಲಿಲ್ಲ. ತಮ್ಮ ಬದಲು ಬೇರೆಯವರನ್ನು ಕಳಿಸಿ ನೋಡಿದವರಿದ್ದಾರಂತೆ. ಉಪಯೋಗವಾಗಲಿಲ್ಲ. ಯಾರ ಕೈ ಚೀಲ ಹಿಡಿದಿದೆ ಎನ್ನುವುದನ್ನು ತಕ್ಕಡಿ ಕೇಳುವುದೇ ಇಲ್ಲ. ಯಾರ ಹೊಟ್ಟೆಗೆ ಹೋಗುತ್ತದೋ ಅದನ್ನೇ ತೂಗುತ್ತದೆ. ಎಂದೋ ಒಬ್ಬ ವ್ಯಾಪಾರಿ ತಕ್ಕಡಿ ಬಿಸಾಕಿ ಪಾವಿನಿಂದ ಅಳೆದು ಮಾರಲು ಕೂತಿದ್ದನಂತೆ. ಪಾವಿಗೆ ಯಾರ ಹಸಿವೂ ಗೊತ್ತಾಗುವುದಿಲ್ಲ, ಎಲ್ಲರಿಗೂ ಒಂದೇ ಅಳತೆ. ಜನ ಅವನ ಅಂಗಡಿಯ ಮುಂದೆ ನಿಂತು, ಇದೆಂಥ ಅನ್ಯಾಯ ಎಂದು ಕೂಗಾಡಿ ಮುಚ್ಚಿಸಿದರಂತೆ. ಆಮೇಲೆ ಪಾವು ಮನೆಯ ಅಡುಗೆಗೆ ಮಾತ್ರ.

"ನಿನಗೆ ನಷ್ಟ ಆಗಲ್ವಾ?" ಎಂದು ಪುಟ್ಟಸಿದ್ದಮ್ಮನನ್ನು ಕೇಳಿದೆ.

"ಒಬ್ಬರಿಗೆ ಹೋದದ್ದು ಇನ್ನೊಬ್ಬರಲ್ಲಿ ಉಳಿಯುತ್ತೆ. ನಿಮ್ಮ ಎರಡು ಹಿಡಿ ನೆನಪಿಲ್ವಾ?" ಎಂದು ನಕ್ಕಳು.

ಈ ಎಲ್ಲದರ ಜೊತೆ ಒಂದು ಶಿಸ್ತೂ ಇತ್ತು. ತಕ್ಕಡಿ ಎತ್ತಿದಾಗ ಯಾರೂ ನೋಡಬಾರದು. "ನಿಮಗೆಷ್ಟು ಬಂತು?" ಎಂಬುದು ಆ ಊರಿನಲ್ಲಿ ಬೈಗುಳಕ್ಕಿಂತ ಕೆಟ್ಟ ಮಾತು. ಗಂಡ ಹೆಂಡತಿಯನ್ನು ಕೇಳುತ್ತಿರಲಿಲ್ಲ, ಅತ್ತೆ ಸೊಸೆಯನ್ನು ಕೇಳುತ್ತಿರಲಿಲ್ಲ.

ತರಗತಿಯಲ್ಲಿ ನನ್ನ ಫಜೀತಿ ಮುಂದುವರಿದಿತ್ತು. ಬೇಡಿಕೆಯ ನಿಯಮ ಹೇಳಿದರೆ ದಾಕ್ಷಾಯಿಣಿ ಏಳುತ್ತಿದ್ದಳು. "ಬೆಲೆ ಜಾಸ್ತಿ ಆದ್ರೆ ಜನ ಕಡಿಮೆ ಕೊಳ್ತಾರೆ ಅಂತೀರಿ. ಕಡಿಮೆ ಕೊಂಡ್ರೆ ಹಸಿವು ಜಾಸ್ತಿ ಆಗುತ್ತೆ. ಹಸಿವು ಜಾಸ್ತಿ ಆದ್ರೆ ತಕ್ಕಡಿ ಜಾಸ್ತಿ ಕೊಡುತ್ತೆ. ಆಗ ಬೆಲೆ ಇಳಿದ ಹಾಗೇ ಆಯ್ತಲ್ಲ ಮೇಡಂ? ನಿಮ್ಮ ಗೆರೆ ಎಲ್ಲಿಗೆ ಹೋಗುತ್ತೆ?" ಎಂ.ಎ.ಯಲ್ಲಿ ನನಗೆ ಪಾಠ ಹೇಳಿದ ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಆ ಸಂಜೆ ಮನೆಗೆ ಹೋಗುವಾಗ ನನಗೆ ಹತ್ತು ವರ್ಷ ಚಿಕ್ಕವಳಾದ ಹಾಗೆ ಅನಿಸಿತು.

ಸಮೀಕ್ಷೆಯ ಆಲೋಚನೆ ಹುಟ್ಟಿದ್ದು ಹಾಗೆ. ಈ ಊರಿನ ಗೆರೆ ಹೇಗಿರುತ್ತದೆ ಎಂದು ನಾವೇ ಏಕೆ ಎಳೆದು ನೋಡಬಾರದು? ಹೆಡ್‌ಮಾಸ್ಟರ ಬಳಿ ಹೋಗಿ ಹೇಳಿದೆ. ಚೆಲುವರಾಯಪ್ಪನವರು ತೆಳ್ಳನೆಯ, ಮೆಲುದನಿಯ ಮನುಷ್ಯ. ಮೂವತ್ತು ವರ್ಷ ಅದೇ ಶಾಲೆಯಲ್ಲಿ ಗಣಿತ ಕಲಿಸಿ, ಊರಿನ ಅರ್ಧ ಜನಕ್ಕೆ ಮಗ್ಗಿ ಬಾಯಿಪಾಠ ಮಾಡಿಸಿದವರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು.

"ಪರೀಕ್ಷೆಗೆ ಪುಸ್ತಕದಲ್ಲಿ ಇರೋದನ್ನೇ ಕೇಳ್ತಾರೆ ಮೇಡಂ. ಅದನ್ನೇ ಹೇಳ್ಕೊಡಿ, ಸಾಕು."

"ಮಕ್ಕಳಿಗೆ ಕುತೂಹಲ ಇದೆ ಸಾರ್."

"ಮಕ್ಕಳಿಗೋ, ನಿಮಗೋ?"

"ಇಬ್ಬರಿಗೂ," ಎಂದೆ. "ಹೆಸರು ಬರೆಯೋದಿಲ್ಲ ಸಾರ್. ಚೀಟಿ ಬರೆದು ಡಬ್ಬಕ್ಕೆ ಹಾಕ್ತಾರೆ. ಯಾರದು ಅಂತ ದೇವರಿಗೂ ಗೊತ್ತಾಗಲ್ಲ."

ಅವರು ಬೇಡವೆನ್ನಲಿಲ್ಲ. ಹೂಂ ಎನ್ನಲೂ ಇಲ್ಲ. ನಾನು ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡೆ.

ಕಳೆದ ಸಲ ಒಂದು ಕಿಲೋ ಕಲ್ಲಿಗೆ ಮನೆಗೆ ಬಂದ ಅಕ್ಕಿ ಎಷ್ಟು ಪಾವು, ಅಷ್ಟನ್ನೇ ಬರೆಯಬೇಕು. ಮಕ್ಕಳು ಮೊದಲ ಮೂರು ದಿನ ತಲೆ ತಗ್ಗಿಸಿ ಕೂತರು. ನಾಲ್ಕನೆಯ ದಿನ ದಾಕ್ಷಾಯಿಣಿ ಎದ್ದು ಬಂದು ಮಡಿಸಿದ ಚೀಟಿಯೊಂದನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ವಾರ ಮುಗಿಯುವ ಹೊತ್ತಿಗೆ ಮೂವತ್ತೊಂದು ಚೀಟಿ ಬಿದ್ದಿದ್ದವು. ದೊಡ್ಡ ಡ್ರಾಯಿಂಗ್ ಹಾಳೆಯನ್ನು ಗೋಡೆಗೆ ಅಂಟಿಸಿ, ಒಂದೊಂದೇ ಚೀಟಿ ಬಿಚ್ಚಿ ಚುಕ್ಕಿ ಇಡತೊಡಗಿದೆವು. ಐದು, ನಾಲ್ಕೂವರೆ, ಆರು, ಮೂರು, ಐದು. ಚುಕ್ಕಿಗಳು ಇರುವೆ ಸಾಲಿನ ಹಾಗೆ ಒಂದೇ ಮಟ್ಟದಲ್ಲಿ ಕೂತವು. ದೊಡ್ಡ ಸಂಸಾರವೊಂದು ಎಂಟು. ಮಕ್ಕಳು ಬೆಂಚು ಬಿಟ್ಟು ಹಾಳೆಯ ಸುತ್ತ ಮುಗಿಬಿದ್ದಿದ್ದರು. ತಮ್ಮ ಊರನ್ನು ಮೊದಲ ಸಲ ಮೇಲಿನಿಂದ ನೋಡುವವರ ಹಾಗಿತ್ತು ಅವರ ಮುಖ.

ಇಪ್ಪತ್ತಾರನೆಯ ಚೀಟಿ ಬಿಚ್ಚಿದೆ. ಹದಿಮೂರು.

ಚುಕ್ಕಿ ಇಡಲು ಹಾಳೆಯಲ್ಲಿ ಜಾಗವಿರಲಿಲ್ಲ. ಮೇಲೊಂದು ತುಂಡು ಅಂಟಿಸಬೇಕಾಯಿತು. ಹದಿಮೂರು ಪಾವೆಂದರೆ ಎಷ್ಟು ದಿನ ಒಲೆ ಹಚ್ಚದ ಮನೆ? ಎಲ್ಲರ ತಲೆಯಲ್ಲೂ ಅದೇ ಓಡುತ್ತಿತ್ತು. ನನ್ನ ತಲೆಯಲ್ಲೂ. ಮಕ್ಕಳು ನಿಧಾನವಾಗಿ ಒಬ್ಬರನ್ನೊಬ್ಬರು ನೋಡಿಕೊಳ್ಳತೊಡಗಿದರು. ಹುಟ್ಟಿದಾಗಿನಿಂದ ಮುಖ ತಿರುಗಿಸಲು ಕಲಿತಿದ್ದ ಮಕ್ಕಳಿಗೆ ನೋಡುವುದನ್ನು ನಾನು ಕಲಿಸಿಬಿಟ್ಟಿದ್ದೆ.

ಮರುದಿನದಿಂದ ಮಧ್ಯಾಹ್ನದ ಊಟದ ಡಬ್ಬಿಗಳ ಮೇಲೆ ಎಲ್ಲರ ಕಣ್ಣು. ಮೂರು ದಿನಕ್ಕೆ ಅನುಮಾನ ಅದೇ ತರಗತಿಯ ಮಾದೇವಿಯ ಮೇಲೆ ಬಂದು ನಿಂತಿತು. ಅವಳ ಲಂಗಕ್ಕೆ ತೇಪೆ ಇತ್ತು, ಅವಳು ಗೋಡೆಯ ಕಡೆ ತಿರುಗಿ ಕೂತು ಊಟ ಮಾಡುತ್ತಿದ್ದಳು. ಅಷ್ಟು ಸಾಕಾಯಿತು. ಯಾರೋ ಅವಳ ಬೆಂಚಿನ ಮೇಲೆ ಎರಡು ಬಾಳೆಹಣ್ಣು ಇಟ್ಟರು. ಮಾರನೆಯ ದಿನ ಚಕ್ಕುಲಿಯ ಪೊಟ್ಟಣ ಬಂತು. ಅದರ ಮರುದಿನ, ನಾನು ಪಾಠ ಮಾಡುತ್ತಿರುವಾಗಲೇ, ಮಾದೇವಿ ಎದ್ದು ನಿಂತು ಆ ಪೊಟ್ಟಣವನ್ನು ಬಾಗಿಲಾಚೆ ಎಸೆದಳು.

"ನಮ್ಮನೇಲಿ ಬಂದಿದ್ದು ಐದು ಪಾವು!" ಎಂದು ಕಿರುಚಿದಳು. "ಐದೇ ಐದು! ನಾವೇನು ಉಪವಾಸ ಬಿದ್ದಿಲ್ಲ. ನಾನು ಗೋಡೆ ಕಡೆ ತಿರುಗೋದು ನನಗೆ ಹಲ್ಲು ಸೊಟ್ಟ ಇದೆ ಅಂತ!"

ತರಗತಿಯಲ್ಲಿ ಯಾರೋ ಬತ್ತಲೆಯಾದಂತೆ ಎಲ್ಲರೂ ಕಣ್ಣು ಮುಚ್ಚಿಕೊಂಡರು. ಅವಳು ತನ್ನ ಮನೆಯ ಲೆಕ್ಕವನ್ನು ಬಾಯಿಬಿಟ್ಟು ಹೇಳಿದ್ದಳು. ಹೇಳುವ ಹಾಗೆ ನಾನು ಮಾಡಿದ್ದೆ. ಅಷ್ಟರಲ್ಲಿ ದಾಕ್ಷಾಯಿಣಿ ಎದ್ದಳು.

"ಹದಿಮೂರು ನಮ್ಮನೇದು ಮೇಡಂ. ಮಾದೇವಿಗೆ ಯಾರೂ ಏನೂ ಕೊಡೋದು ಬೇಡ. ನಮಗೂ ಬೇಡ. ನಾವು ಹಸಿದುಕೊಂಡಿಲ್ಲ. ನಮ್ಮಮ್ಮ ಆರು ಜನಕ್ಕೆ ಅಡುಗೆ ಮಾಡಿ ಕಳಿಸ್ತಾರೆ, ಅದಕ್ಕೆ..."

ಅಷ್ಟಕ್ಕೇ ಅವಳ ಮಾತು ನಿಂತಿತು. ಅವಳು ನೋಡುತ್ತಿದ್ದ ಕಡೆ ತಿರುಗಿದೆ. ಬಾಗಿಲಲ್ಲಿ, ಕಾಲ ಬುಡದಲ್ಲಿ ಬಿದ್ದಿದ್ದ ಚಕ್ಕುಲಿಯ ಪೊಟ್ಟಣವನ್ನು ಕೈಗೆತ್ತಿಕೊಂಡು, ಹೆಡ್‌ಮಾಸ್ಟರು ನಿಂತಿದ್ದರು. ಅವರು ದಾಕ್ಷಾಯಿಣಿಯನ್ನು ನೋಡಿದರು. ಗೋಡೆಯ ಹಾಳೆಯಲ್ಲಿ ಒಂಟಿಯಾಗಿ ಮೇಲೆ ಕೂತಿದ್ದ ಚುಕ್ಕಿಯನ್ನು ನೋಡಿದರು. ಗಣಿತದ ಮನುಷ್ಯ, ಲೆಕ್ಕ ಹಾಕಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪೊಟ್ಟಣವನ್ನು ಮೆಲ್ಲಗೆ ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು.

ಶಾಲೆ ಬಿಟ್ಟ ಮೇಲೆ ದಾಕ್ಷಾಯಿಣಿ ಅಳುತ್ತ ಹೇಳಿದ ಮೇಲೆ ನನಗೆ ಪೂರ್ತಿ ತಿಳಿಯಿತು. ಅವಳ ತಾಯಿ ಗೌರಾಂಬ ಆ ಊರಿನ ಹೆಣ್ಣುಮಗಳೇ, ಚೆಲುವರಾಯಪ್ಪನವರ ಹಳೆಯ ವಿದ್ಯಾರ್ಥಿನಿ. ಊರಿನಲ್ಲಿ ಒಂದಲ್ಲ ಒಂದು ಕಾರಣಕ್ಕೆ ತಕ್ಕಡಿಯ ಮುಂದೆ ನಿಲ್ಲಲಾರದವರು ಕೆಲವರಿರುತ್ತಾರೆ. ಅಂಥ ಆರು ಮಂದಿಗೆ ಆಕೆ ಕ್ಯಾರಿಯರ್ ಕಳಿಸುತ್ತಿದ್ದಳು. "ಇವತ್ತು ಅಡುಗೆ ಜಾಸ್ತಿ ಆಗಿಬಿಡ್ತು" ಎಂದು ಹೇಳಿ ಕಳಿಸುವುದು, "ಓ, ಹಾಗಾದ್ರೆ ಕೊಡಿ" ಎಂದು ಅವರು ತೆಗೆದುಕೊಳ್ಳುವುದು. ಯಾರ ಮನೆಯಲ್ಲೂ ಏನೂ ಜಾಸ್ತಿಯಾಗದ ಊರಿನಲ್ಲಿ ಅದು ಸುಳ್ಳೆಂದು ಹಸುಗೂಸಿಗೂ ಗೊತ್ತು. ಹೆಂಡತಿ ತೀರಿಕೊಂಡ ಮೇಲೆ ಮೂರು ವರ್ಷದಿಂದ ಹೆಡ್‌ಮಾಸ್ಟರ ಎರಡು ಹೊತ್ತಿನ ಊಟ ಆ ಸುಳ್ಳಿನ ಮೇಲೆ ನಡೆದಿತ್ತು.

ಮಾರನೆಯ ದಿನ ಅವರ ಕ್ಯಾರಿಯರ್ ಮುಚ್ಚಳವನ್ನೂ ತೆಗೆಯದ ಹಾಗೆ ವಾಪಸ್ಸು ಬಂತು. ಅದರ ಮರುದಿನವೂ. ಉಳಿದ ಐದು ಮಂದಿ ಏನೂ ನಡೆದಿಲ್ಲವೆಂಬಂತೆ ಊಟ ಇಳಿಸಿಕೊಂಡರು. ತರಗತಿಯ ಮುಂದೆ ಬಯಲಾದ ಸುಳ್ಳನ್ನು ಮತ್ತೆ ನಂಬಿದಂತೆ ನಟಿಸಲಾರದೆ ಇವರು ಮಾತ್ರ ಒಲ್ಲೆನೆಂದರು. ನಾನು ಗೌರಾಂಬನ ಮನೆಗೆ ಹೋದೆ. ಆಕೆ ಸೊಪ್ಪು ಸೋಸುತ್ತ ಕೂತಿದ್ದಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ನಾನು ತಪ್ಪಾಯಿತೆಂದೆ.

"ನಿಮ್ಮನ್ನ ಬೈದು ಏನು ಬಂತು ಮೇಡಂ. ತಿಳೀದೆ ಮಾಡಿದ್ರಿ," ಎಂದಳು. ಸೋಸಿದ ಸೊಪ್ಪನ್ನು ಪಕ್ಕಕ್ಕಿಟ್ಟು, "ಆದ್ರೆ ಒಂದು ಕೇಳ್ತೀನಿ. ಆ ಹಾಳೆ ನೋಡಿ ನಿಮಗೇನು ಗೊತ್ತಾಯ್ತು?" ಎಂದಳು.

ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದಳು, ಮಗಳ ಹಾಗೆಯೇ ಹುಬ್ಬು ಗಂಟಿಕ್ಕಿ. ಮರುದಿನ ಆ ಹಾಳೆಯನ್ನು ಗೋಡೆಯಿಂದ ಬಿಚ್ಚಿ ಸುರುಳಿ ಸುತ್ತಿಟ್ಟೆ.

ಹೆಡ್‌ಮಾಸ್ಟರು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಬನ್ನು, ಬಾಳೆಹಣ್ಣು ತಿನ್ನುತ್ತಿದ್ದಾರೆಂದು ಕೇಳಿದೆ. ಬನ್ನು, ಬಾಳೆಹಣ್ಣು ಎಣಿಕೆಯ ಮೇಲೆ ಮಾರುವಂಥವು, ತಕ್ಕಡಿಯ ಹಂಗಿಲ್ಲ. ಎಂಟನೆಯ ದಿನ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ, ಮಕ್ಕಳು ಸಾಲಾಗಿ ನಿಂತಿದ್ದಾಗ, ಅವರು ಮೈಕ್ ಹಿಡಿದುಕೊಂಡೇ ಕುಸಿದರು. ನಾಲ್ಕು ಜನ ಸೇರಿ ಆಫೀಸು ರೂಮಿನ ಬೆಂಚಿನ ಮೇಲೆ ಮಲಗಿಸಿದೆವು. ಸಕ್ಕರೆ ಹಾಕಿದ ಹಾಲು ಕುಡಿಸಿದ ಮೇಲೆ ಕಣ್ಣು ಬಿಟ್ಟರು. ಉಳಿದವರು ತರಗತಿಗಳಿಗೆ ಹೋದರು. ನಾನು ಸ್ಟೂಲು ಎಳೆದುಕೊಂಡು ಅವರ ಪಕ್ಕದಲ್ಲಿ ಕೂತೆ.

"ಸಾರ್, ಒಂದು ಸಲ ಅಂಗಡಿಗೆ ಹೋಗಿ ಬರೋಣ. ನಾನೂ ಬರ್ತೀನಿ," ಎಂದೆ.

ಅವರು ಚಾವಣಿಯನ್ನೇ ನೋಡುತ್ತಿದ್ದರು. "ಅಂಬುಜಾಕ್ಷಿಯವರೇ," ಎಂದರು. ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನಾನು ಯಾಕೆ ಹೋಗಲ್ಲ ಅಂತ ಊರಿನಲ್ಲಿ ಯಾರೂ ಕೇಳಿಲ್ಲ. ನೀವೂ ಕೇಳಬೇಡಿ, ನಾನೇ ಹೇಳ್ತೀನಿ. ಇಪ್ಪತ್ತೇಳು ವರ್ಷ ಅದೇ ಅಂಗಡಿ, ಅದೇ ಕಲ್ಲು. ಪ್ರತಿ ಸಲ ತಟ್ಟೆ ತುಂಬಾ ಬರೋದು. ಇಬ್ಬರದು. ಅವಳು ಹೋದ ಹದಿನೈದನೇ ದಿನ ಅಕ್ಕಿ ಮುಗಿದಿತ್ತು, ಹೋದೆ. ಪುಟ್ಟಸಿದ್ದಮ್ಮ ಎರಡು ಹಿಡಿ ಹಾಕಿದಳು, ಮುಳ್ಳು ನಿಂತುಬಿಡ್ತು. ಪಾವಿಗೂ ಕಡಿಮೆ. ಹೆಣ ಎತ್ತಿದ್ದೆ, ಕಾರ್ಯ ಮಾಡಿದ್ದೆ, ಎಲ್ಲಾ ಆಗಿತ್ತು. ಆದ್ರೂ ಅವಳು ಇಲ್ಲ ಅಂತ ನನಗೆ ಗೊತ್ತಾಗಿದ್ದು ಆ ತಕ್ಕಡಿ ಮುಂದೆ. ಆ ಅಕ್ಕೀನ ಅಲ್ಲೇ ಬಿಟ್ಟು ಬಂದೆ. ಮತ್ತೆ ಹೋಗ್ಲಿಲ್ಲ."

ಹೊರಗೆ ಎಂಟನೇ ತರಗತಿಯವರು ಮಗ್ಗಿ ಹೇಳುತ್ತಿದ್ದರು. ಹನ್ನೆರಡರ ಮಗ್ಗಿಯಲ್ಲಿ ಒಬ್ಬ ಹುಡುಗ ತಪ್ಪಿದ. ಅವರು ಮಲಗಿದಲ್ಲಿಂದಲೇ ತುಟಿಯಲ್ಲಿ ತಿದ್ದಿದ್ದನ್ನು ನೋಡಿದೆ.

"ಸಾರ್, ನೀವು ಹೋಗದೇ ಇದ್ರೆ ಗೌರಾಂಬನವರು ಕ್ಯಾರಿಯರ್ ಕಳಿಸೋದು ನಿಲ್ಲಿಸಲ್ಲ. ದಿನಾ ಕಳಿಸ್ತಾರೆ, ದಿನಾ ವಾಪಸ್ ಬರುತ್ತೆ. ದಿನಾ ಆ ಅನ್ನ ಹಸುಗೆ ಹೋಗುತ್ತೆ," ಎಂದೆ. ಅದು ನಿಜ. ಆ ಮಾತಿಗೆ ಅವರು ಎದ್ದು ಕೂತರು.

ಸಂಜೆ ನಾಲ್ಕೂವರೆಗೆ ಇಬ್ಬರೂ ಬಜಾರಿಗೆ ಹೋದೆವು. ಅವರು ಛತ್ರಿಯನ್ನು ಊರುಗೋಲಿನ ಹಾಗೆ ಊರಿಕೊಂಡು ನಡೆದರು. ಬೀದಿಯಲ್ಲಿ ಎದುರಾದವರೆಲ್ಲ ನಮಸ್ಕಾರ ಮಾಡಿ, ನಾವು ಎಲ್ಲಿಗೆ ಹೊರಟಿದ್ದೇವೆಂದು ತಿಳಿದೊಡನೆ ಬೇರೆಲ್ಲೋ ನೋಡಿದರು. ಪುಟ್ಟಸಿದ್ದಮ್ಮ ಅವರನ್ನು ಕಂಡು ಎದ್ದು ನಿಂತಳು. ಪರದೆ ಎಳೆದಳು. ನಾನೂ ಊರಿನವರ ಹಾಗೆ ಬೀದಿಯ ಕಡೆ ತಿರುಗಿದೆ.

"ಬೇಡ ಮೇಡಂ," ಎಂದರು ಹೆಡ್‌ಮಾಸ್ಟರು. "ನೋಡಿ. ಇಲ್ಲೇ ಪಕ್ಕಕ್ಕೆ ಬನ್ನಿ. ಒಬ್ಬನೇ ನೋಡಕ್ಕೆ ಆಗಲ್ಲ."

ನಾನು ಪರದೆಯ ಒಳಗೆ ಹೋಗಿ ಅವರ ಪಕ್ಕದಲ್ಲಿ ನಿಂತೆ. ಪುಟ್ಟಸಿದ್ದಮ್ಮ ಕಲ್ಲು ಇಟ್ಟಳು. ಎರಡು ಹಿಡಿ ಅಕ್ಕಿ ಹಾಕಿದಳು. ಮುಳ್ಳು ಅಲುಗಲಿಲ್ಲ. ಇನ್ನೆರಡು ಹಿಡಿ. ಇನ್ನೂ ಎರಡು, ಮತ್ತೂ ಎರಡು. ತಟ್ಟೆಯ ಅಂಚಿನವರೆಗೆ ಬಂದ ಮೇಲೆ ಮುಳ್ಳು ಮೆಲ್ಲಗೆ ಏರಿ ನಡುವಿನಲ್ಲಿ ನಿಂತಿತು. ನೋಡಿದರೆ ಮೂರು ಪಾವಿಗೆ ಕಡಿಮೆಯಿರಲಿಲ್ಲ.

"ಏನೋ ತಪ್ಪಾಗಿದೆ ಕಣಮ್ಮ. ಇನ್ನೊಂದು ಸಲ ತೂಗು."

ಪುಟ್ಟಸಿದ್ದಮ್ಮ ಸುರಿದು ಮತ್ತೆ ತೂಗಿದಳು. ಅಷ್ಟೇ ಬಂತು.

"ಎಂಟು ದಿನ ಸರಿಯಾಗಿ ಊಟ ಮಾಡಿಲ್ವಲ್ಲ, ಅದಕ್ಕಿರಬೇಕು," ಎಂದೆ ನಾನು.

"ಹಸಿವಿಂದು ನನಗೆ ಗೊತ್ತಾಗಲ್ವಾ ಮೇಡಂ, ಈ ಕೈಯಲ್ಲಿ ಎಷ್ಟು ತೂಗಿದೀನಿ," ಎಂದಳು ಪುಟ್ಟಸಿದ್ದಮ್ಮ. "ಇದು ಒಬ್ಬರ ಅಕ್ಕಿ ಅಲ್ಲ ಮೇಷ್ಟ್ರೇ."

"ಮತ್ತೆ ಯಾರದು?"

"ಅದನ್ನ ನಾನು ಹೇಗೆ ಹೇಳ್ಲಿ? ನಿಮ್ಮ ಮನೆ ಅಕ್ಕಿ."

ಅವರು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ಒಡೆಯುವ ಸಾಮಾನನ್ನು ಒಯ್ಯುವವರ ಹಾಗೆ ಮನೆಗೆ ಹೋದರು. ಆ ಇನ್ನೊಬ್ಬರು ಯಾರೆಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದರು. ನೀವಿರಬಹುದಾ ಎಂದು ನನ್ನನ್ನು ಕೇಳಿದರು. ನಾನು ಊಟ ಮಾಡಿಯೇ ಬಂದಿದ್ದೆ, ರಾತ್ರಿಗೂ ನನ್ನ ಮನೆಯಲ್ಲಿ ಮುದ್ದೆ ಇತ್ತು, ಅಲ್ಲವೆಂದೆ. ಅಣ್ಣನ ಮಗ ಬರುತ್ತಾನೇನೋ ಎಂದರು. ಅವನು ಬಂದು ಆರು ವರ್ಷವಾಗಿತ್ತಂತೆ.

ಆಮೇಲಿನ ಮೂರು ದಿನ ಅವರು ಎರಡು ತಟ್ಟೆ ತೊಳೆದಿಟ್ಟು ಅಡುಗೆ ಮಾಡಿದರು. ಅಡುಗೆಯೆಂದರೆ ಅವರಿಗೆ ಏನೂ ಬಾರದು. ನೀರು ಎಷ್ಟೆಂದು ಸ್ಟಾಫ್ ರೂಮಿನಲ್ಲಿ ನನ್ನನ್ನು ಕೇಳಿ ಕಾಗದದ ಮೇಲೆ ಬರೆದುಕೊಂಡರು. ಯಾರೂ ಬರಲಿಲ್ಲ. ಆದರೆ ಅವರ ಮುಖಕ್ಕೆ ಬಣ್ಣ ಬಂದಿತ್ತು. ಬೆಳಿಗ್ಗೆ ಬಂದವರೇ "ನಿನ್ನೆಯೂ ಇಲ್ಲ ಮೇಡಂ" ಎಂದು ಹೇಳುತ್ತಿದ್ದರು. ಆ ಹೊತ್ತಿನಲ್ಲಿ ದಾಕ್ಷಾಯಿಣಿಯ ಪ್ರಶ್ನೆಗಳೆಲ್ಲ ಎಲ್ಲಿಂದ ಬಂದವೆಂದು ನನಗೆ ಅರ್ಥವಾಗುತ್ತಿತ್ತು. ಅವಳ ತಾಯಿಗೆ ಕಲಿಸಿದ್ದು ಈ ಮನುಷ್ಯ.

ನಾಲ್ಕನೆಯ ದಿನ ಭಾನುವಾರ. ಗೋಡೆಯಿಂದ ಬಿಚ್ಚಿ ಸುರುಳಿ ಸುತ್ತಿದ್ದ ಆ ಹಾಳೆಯನ್ನು ಏನು ಮಾಡಲೆಂದು ಕೇಳಲು ಅವರ ಮನೆಗೆ ಹೋಗಿದ್ದೆ. ಮಧ್ಯಾಹ್ನ ಒಂದು ಗಂಟೆ. ಅವರು ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಅನ್ನ ಒಂದು ಕಡೆ ಮುದ್ದೆಯಾಗಿತ್ತು, ಇನ್ನೊಂದು ಕಡೆ ಅಕ್ಕಿಯಾಗಿಯೇ ಇತ್ತು. ಸಾರಿನ ಬಣ್ಣ ಇಂಥದ್ದೆಂದು ಹೇಳುವ ಹಾಗಿರಲಿಲ್ಲ. ನಾವು ಹಾಳೆಯ ಮಾತಾಡುತ್ತಿರುವಾಗ ಬೀದಿಯ ಬಾಗಿಲು ದಢಾರನೆ ತೆರೆದುಕೊಂಡಿತು. ಗೌರಾಂಬ. ಕೈಯಲ್ಲಿ ಮೂರು ಅಂತಸ್ತಿನ ಕ್ಯಾರಿಯರ್. ಹಿಂದೆ ದಾಕ್ಷಾಯಿಣಿ.

"ಮೇಷ್ಟ್ರೇ, ಇವತ್ತು ನಾನೇ ತಂದಿದೀನಿ. ಹನ್ನೊಂದು ದಿನ ಆಯ್ತು. ನಾನೇನು ವಿಷ ಹಾಕ್ತೀನಾ?" ಎಂದವಳು ಒಲೆಯ ಮೇಲಿನ ಪಾತ್ರೆಯನ್ನು ನೋಡಿ ನಿಂತುಬಿಟ್ಟಳು. ತೊಳೆದಿಟ್ಟ ಎರಡು ತಟ್ಟೆಗಳನ್ನೂ ನೋಡಿದಳು. "ಯಾರು ಮಾಡಿದ್ದು ಇದು?"

"ನಾನೇ," ಎಂದರು ಹೆಡ್‌ಮಾಸ್ಟರು. ಮೆಲ್ಲಗೆ ಸೇರಿಸಿದರು: "ಗೌರಾ, ನಿನ್ನ ಊಟ ಆಯ್ತಾ?"

ಗೌರಾಂಬ ಕ್ಯಾರಿಯರನ್ನು ಕೆಳಗಿಟ್ಟಳು. ಉತ್ತರ ಕೊಟ್ಟವಳು ದಾಕ್ಷಾಯಿಣಿ. "ಅಮ್ಮಂದು ಯಾವಾಗಲೂ ಕಡೇಗೆ ಸಾರ್. ಎಲ್ಲಾ ಕ್ಯಾರಿಯರ್ ಹೋದ ಮೇಲೆ. ಎಷ್ಟೋ ದಿನ ತಳದಲ್ಲಿ ಇರೋದು ಅಷ್ಟೇ."

"ಸುಮ್ನಿರೇ," ಎಂದಳು ಗೌರಾಂಬ.

ಹೆಡ್‌ಮಾಸ್ಟರು ನೆಲದ ಮೇಲೆ ಚಾಪೆ ಹಾಸಿದರು, ತಟ್ಟೆ ಇಟ್ಟರು, ನೀರಿನ ಲೋಟ ಇಟ್ಟರು. ಇಪ್ಪತ್ತೈದು ವರ್ಷದ ಹಿಂದೆ ಇದೇ ಮನುಷ್ಯ "ಕೂತ್ಕೋ" ಎಂದರೆ ಮರುಮಾತಿಲ್ಲದೆ ಕೂರುತ್ತಿದ್ದ ಹುಡುಗಿ ಅವಳು. ಈಗಲೂ ಕೂತಳು. ಅವರು ಬಡಿಸಿದರು. ಸಾರು ಚಾಪೆಯ ಮೇಲೂ ಸ್ವಲ್ಪ ಚೆಲ್ಲಿತು. ಅವಳು ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಬೇಯದ ಅಕ್ಕಿ ಹಲ್ಲಿಗೆ ಸಿಕ್ಕಿ ಕರಕ್ಕೆಂದದ್ದು ಬಾಗಿಲ ಬಳಿ ನಿಂತಿದ್ದ ನನಗೂ ಕೇಳಿಸಿತು. ದಾಕ್ಷಾಯಿಣಿ ನನ್ನ ಪಕ್ಕಕ್ಕೆ ಬಂದು, "ಅಮ್ಮ ಬೇರೆಯವರ ಕೈಯಲ್ಲಿ ಬಡಿಸಿಕೊಂಡು ತಿಂದಿದ್ದು ನಾನು ನೋಡೇ ಇಲ್ಲ ಮೇಡಂ," ಎಂದು ಪಿಸುಗುಟ್ಟಿದಳು.

"ಉಪ್ಪು ಜಾಸ್ತಿ ಆಯ್ತೇನಮ್ಮ?" ಎಂದು ಕೇಳಿದರು ಹೆಡ್‌ಮಾಸ್ಟರು, ಸೌಟು ಹಿಡಿದುಕೊಂಡು.

ಗೌರಾಂಬ ತಲೆಯೆತ್ತಲಿಲ್ಲ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಎಡಗೈಯಿಂದ ಒರೆಸಿಕೊಂಡು ಇನ್ನೊಂದು ತುತ್ತು ನುಂಗಿದಳು. ಆಮೇಲೆ ಖಾಲಿಯಾಗುತ್ತಿದ್ದ ತಟ್ಟೆಯನ್ನು ಅವರ ಕಡೆ ಸರಿಸಿದಳು.

"ಇನ್ನೊಂದು ಸ್ವಲ್ಪ ಅನ್ನ ಹಾಕಿ ಮೇಷ್ಟ್ರೇ," ಎಂದಳು.